ಚೀಲದ ಮೇಲೊಂದು ‘ಡೈ’

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಗ್ರಹಣ, ಸಿಡಿಲು, ಹಾವು ಈ ಮೂರರ ಸರದಿ ವರ್ಷವಿಡೀ ತಪ್ಪುವುದಿಲ್ಲ. ಶಾಲೆ ಶುರುವಾಗಿ ಎರಡು ಮೂರು ತಿಂಗಳಾಯಿತೆಂದರೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ. ಅದು ರಾಸಾಯನಿಕಗಳ ಹೆಸರಿನ ಪ್ರಶ್ನೆ. ಕಾರ್ಬನ್ ಡೈಆಕ್ಸೈಡಿಗೆ ‘ಡೈ’ ಇದೆ. ಕ್ಯಾಲ್ಸಿಯಂ ಕ್ಲೋರೈಡಿನಲ್ಲೂ ಎರಡು ಕ್ಲೋರಿನ್ ಇವೆಯಲ್ಲ, ಅದಕ್ಕೇಕೆ ಇಲ್ಲ? ಫೆರಸ್ ಯಾವುದು, ಫೆರಿಕ್ ಯಾವುದು? ಸಲ್ಫೈಡು, ಸಲ್ಫೈಟು, ಸಲ್ಫೇಟು ಮೂರೂ ಒಂದೇ ಅಲ್ಲವೇ? ಕೇಳುವವರು ಬಹುಪಾಲು ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು. ಈ ಸಲ ಕೇಳಿದ್ದು ಒಬ್ಬ ತಂದೆ. ಅಫಜಲಪುರ ತಾಲ್ಲೂಕಿನ ಮಣ್ಣೂರಿನವರು. ಭೀಮಾ ತೀರದಲ್ಲಿ ಕಬ್ಬು, ತೊಗರಿ ಬೆಳೆಯುವವರು. ಅವರ ಪ್ರಶ್ನೆ ಮಕ್ಕಳ ಪ್ರಶ್ನೆಗಿಂತ ಒಂದು ಕೈ ಮೇಲಿತ್ತು.

“ಸರ್, ಅಯಾನಿಕ ಸಂಯುಕ್ತಕ್ಕ ಡೈ, ಟ್ರೈ ಹಚ್ಚಬಾರದು ಅಂತ ಮಗಳ ನೋಟ್ಸಿನಾಗ ಬರಸ್ಯಾರ. ನಮ್ಮ ಗೊಬ್ಬರದ ಚೀಲದ ಮ್ಯಾಲ ಡೈ ಅಮೋನಿಯಂ ಫಾಸ್ಫೇಟ್ ಅಂತ ಇಷ್ಟು ದೊಡ್ಡದಾಗಿ ಅದ. ಅದೂ ಅಯಾನಿಕನೇ ಅಂತಾಳ ಅಕಿ. ಹಂಗಾರ ಖರೆ ಯಾವುದ್ರಿ?”

ಎರಡೂ ಖರೆ. ಹೇಗೆಂದು ಹೇಳಲು ಸ್ವಲ್ಪ ಜಾಗ ಬೇಕು, ಅದಕ್ಕೇ ಈ ವಾರದ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪರಮಾಣುಗಳು ಒಂದಕ್ಕೊಂದು ಕೂಡಿಕೊಳ್ಳುವ ಬಗೆ ಮುಖ್ಯವಾಗಿ ಎರಡು. ಸೋಡಿಯಂ ತನ್ನ ಹೊರಸುತ್ತಿನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಧನ ಅಯಾನು, ತೆಗೆದುಕೊಂಡದ್ದು ಋಣ ಅಯಾನು. (ಕೊಟ್ಟವನು ಧನ ಹೇಗಾದ ಎಂದು ಪ್ರತಿವರ್ಷ ಒಬ್ಬ ಹುಡುಗನಾದರೂ ಕೇಳುತ್ತಾನೆ. ಕೊಟ್ಟದ್ದು ಋಣ ವಿದ್ಯುತ್ತಿನ ಕಣ. ಋಣ ಕಳೆದರೆ ಉಳಿಯುವುದು ಧನ.) ಹೀಗೆ ಆದದ್ದು ಅಯಾನಿಕ ಸಂಯುಕ್ತ, ಉದಾಹರಣೆಗೆ ಅಡುಗೆ ಉಪ್ಪು. ಇನ್ನೊಂದು ಬಗೆಯಲ್ಲಿ ಯಾರೂ ಯಾರಿಗೂ ಕೊಟ್ಟುಬಿಡುವುದಿಲ್ಲ. ಎಲೆಕ್ಟ್ರಾನುಗಳನ್ನು ಇಬ್ಬರೂ ನಡುವೆ ಇಟ್ಟುಕೊಂಡು ಹಂಚಿಕೊಳ್ಳುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಸಹವೇಲೆನ್ಸೀಯ ಬಂಧ ಎಂಬ ಬಾಯಿ ತಿರುಗದ ಹೆಸರಿದೆ. ನೀರು, ಕಾರ್ಬನ್ ಡೈಆಕ್ಸೈಡ್, ಯೂರಿಯಾ, ಸಕ್ಕರೆ ಎಲ್ಲ ಈ ಗುಂಪಿನವು.

ನಮ್ಮ ಕಡೆ ಹೊಲವನ್ನು ಪಾಲಿಗೆ ಹಾಕುವುದು ಗೊತ್ತಲ್ಲ. ಪಾಲು ಎಂದಾಕ್ಷಣ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಅರ್ಧ ಪಾಲೋ, ಮೂರನೇ ಪಾಲೋ? ಊರೂರಿಗೆ, ಹೊಲಹೊಲಕ್ಕೆ ಅದು ಬೇರೆ. ಬಾಯಿಬಿಟ್ಟು ಹೇಳದಿದ್ದರೆ ಮಾತು ಮುಗಿಯುವುದಿಲ್ಲ. ಸಹವೇಲೆನ್ಸೀಯ ಸಂಯುಕ್ತದ್ದೂ ಇದೇ ಕತೆ. ಕಾರ್ಬನ್ನೂ ಆಕ್ಸಿಜನ್ನೂ ಕೂಡಿವೆ ಎಂದಷ್ಟೇ ಹೇಳಿದರೆ ಯಾವ ವಸ್ತು ಎಂದು ತಿಳಿಯುವುದಿಲ್ಲ. ಒಂದಕ್ಕೆ ಒಂದು ಕೂಡಿದರೆ ಕಾರ್ಬನ್ ಮೋನಾಕ್ಸೈಡ್. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಒಲೆ ಇಟ್ಟು ಮಲಗಿದವರನ್ನು ನಿದ್ದೆಯಲ್ಲೇ ಕೊಲ್ಲುವುದು ಇದು. ಒಂದಕ್ಕೆ ಎರಡು ಕೂಡಿದರೆ ಕಾರ್ಬನ್ ಡೈಆಕ್ಸೈಡ್. ಸೋಡಾ ಬಾಟಲಿಯಿಂದ ಬುಸ್ಸೆಂದು ಹೊರಬರುವ ಅನಿಲ. ನೈಟ್ರೋಜನ್ ಮತ್ತು ಆಕ್ಸಿಜನ್ನಂತೂ ಅರ್ಧ ಡಜನ್ ಬಗೆಯಲ್ಲಿ ಕೂಡುತ್ತವೆ. ಎರಡು ನೈಟ್ರೋಜನ್ನಿಗೆ ಒಂದು ಆಕ್ಸಿಜನ್ ಸೇರಿದ್ದು ಆಸ್ಪತ್ರೆಗಳಲ್ಲಿ ನೋವು ಮರೆಸಲು ಕೊಡುವ ನಗೆ ಅನಿಲ; ಒಂದಕ್ಕೆ ಎರಡು ಸೇರಿದ್ದು ಶ್ವಾಸಕೋಶ ಸುಡುವ ಕಂದು ಅನಿಲ. ಆದ್ದರಿಂದ ಇಲ್ಲಿ ಲೆಕ್ಕ ಹೇಳಲೇಬೇಕು. ಮೋನೋ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ ಎಂಬ ಗ್ರೀಕ್ ಮೂಲದ ಎಣಿಕೆ ಬಂದದ್ದು ಇದಕ್ಕೆ. ನಮ್ಮ ದ್ವಿ, ತ್ರಿ, ಪಂಚದ ದಾಯಾದಿಗಳು ಅವು, ಹೆದರಬೇಕಾಗಿಲ್ಲ.

ಅಯಾನಿಕದಲ್ಲಿ ಈ ತೊಂದರೆ ಇಲ್ಲ. ಸೋಡಿಯಂ, ಪೊಟ್ಯಾಸಿಯಂ ಕೊಡುವುದು ಒಂದೇ ಎಲೆಕ್ಟ್ರಾನು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಕೊಡುವುದು ಎರಡು. ಅಲ್ಯೂಮಿನಿಯಂ ಮೂರು. ತೆಗೆದುಕೊಳ್ಳುವ ಕಡೆ ಕ್ಲೋರಿನ್ನಿಗೆ ಒಂದು ಸಾಕು, ಆಕ್ಸಿಜನ್ನಿಗೆ ಎರಡು ಬೇಕು. ಇದು ಬದಲಾಗುವುದಿಲ್ಲ. ಹಾಗಿದ್ದಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಎಂದರೆ ಸಾಕು. ಎರಡು ಕೊಡುವ ಕ್ಯಾಲ್ಸಿಯಂಗೆ ಒಂದೊಂದು ತೆಗೆದುಕೊಳ್ಳುವ ಕ್ಲೋರಿನ್ ಎರಡೇ ಆಗಬೇಕು, ಮೂರಾಗಲು ಸಾಧ್ಯವೇ ಇಲ್ಲ. ‘ಡೈ’ ಹಚ್ಚಿದರೆ ತಪ್ಪೇನೂ ನಡೆಯುವುದಿಲ್ಲ, ಅದಕ್ಕೆ ಕೆಲಸ ಇರುವುದಿಲ್ಲ ಅಷ್ಟೆ. ಸೂತ್ರ ಬರೆಯುವಾಗ ಮೇಷ್ಟರು ಹೇಳಿಕೊಡುವ ‘ವೇಲೆನ್ಸಿ ಅದಲು ಬದಲು’ ಕೂಡ ಈ ಲೆಕ್ಕವೇ. ಅಲ್ಯೂಮಿನಿಯಂ ಮೂರು, ಆಕ್ಸಿಜನ್ ಎರಡು. ಅದಲು ಬದಲು ಮಾಡಿದರೆ ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್. ಕೊಟ್ಟದ್ದು ಆರು, ತೆಗೆದುಕೊಂಡದ್ದು ಆರು.

ಇನ್ನೊಂದು ಕಾರಣವೂ ಇದೆ, ಅದನ್ನು ತರಗತಿಯಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೋಡಿಯಾಗಿ ಕುಳಿತ ಅಣು ಎಂಬುದೇ ಇಲ್ಲ. ಒಂದೊಂದು ಸೋಡಿಯಂನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ, ಹೀಗೆ ಹರಳಿನ ಅಂಚಿನ ತನಕ ಒಂದೇ ಹೆಣಿಗೆ. ಸೂತ್ರ ಹೇಳುವುದು ಅವುಗಳ ಪ್ರಮಾಣವನ್ನು ಮಾತ್ರ. ನೀರಿಗೆ ಹಾಕಿದರೆ ಆ ಹೆಣಿಗೆಯೂ ಬಿಚ್ಚಿ ಅಯಾನುಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ನಿಮ್ಮೂರಿನ ಬೋರಿನ ನೀರಿನ ಪರೀಕ್ಷಾ ವರದಿ ಎಂದಾದರೂ ಕೈಗೆ ಬಂದಿದ್ದರೆ ನೋಡಿ. ಅದರಲ್ಲಿ ‘ಕ್ಯಾಲ್ಸಿಯಂ ಕ್ಲೋರೈಡ್ ಇಷ್ಟು’ ಎಂದು ಇರುವುದಿಲ್ಲ. ಕ್ಯಾಲ್ಸಿಯಂ ಇಷ್ಟು, ಮೆಗ್ನೀಸಿಯಂ ಇಷ್ಟು, ಕ್ಲೋರೈಡ್ ಇಷ್ಟು, ಸಲ್ಫೇಟ್ ಇಷ್ಟು, ನೈಟ್ರೇಟ್ ಇಷ್ಟು, ಫ್ಲೋರೈಡ್ ಇಷ್ಟು ಎಂದು ಬಿಡಿಬಿಡಿಯಾಗಿ ಇರುತ್ತದೆ. ನೀರಿನೊಳಗೆ ಯಾವ ಕ್ಯಾಲ್ಸಿಯಂ ಯಾವ ಕ್ಲೋರೈಡಿನದು ಎಂದು ಯಾರು ಹೇಳಬಲ್ಲರು? ಅಯಾನಿಕ ಹೆಸರಿನ ಗುಟ್ಟು ಅಲ್ಲೇ ಇದೆ. ಅದು ಬೇರೆಬೇರೆ ಇರಬಲ್ಲ ಇಬ್ಬರ ಹೆಸರನ್ನು ಒಂದರ ಪಕ್ಕ ಒಂದು ಬರೆದದ್ದು. ಧನ ಅಯಾನು ಮೊದಲು, ಋಣ ಅಯಾನು ಆಮೇಲೆ.

ಹಾಗಾದರೆ ಮಣ್ಣೂರಿನವರ ಡಿಎಪಿ? ಅಮೋನಿಯಂ ಎಂಬುದು ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಸೇರಿ ಆದ ಧನ ಅಯಾನು, ವಿದ್ಯುದಂಶ ಒಂದು. ಫಾಸ್ಫೇಟ್ ಋಣ ಅಯಾನು, ವಿದ್ಯುದಂಶ ಮೂರು. ನೋಟ್ಸಿನ ನಿಯಮದ ಪ್ರಕಾರ ಅಮೋನಿಯಂ ಫಾಸ್ಫೇಟ್ ಎಂದರೆ ಮೂರು ಅಮೋನಿಯಂ, ಒಂದು ಫಾಸ್ಫೇಟ್. ಅಂಥ ವಸ್ತು ಉಂಟು, ಆದರೆ ಅದು ನಿಲ್ಲುವುದಿಲ್ಲ. ಅಮೋನಿಯಾ ಬಿಟ್ಟುಕೊಂಡು ಕೆಡುತ್ತದೆ. ಚೀಲದಲ್ಲಿ ತುಂಬಿ ಮಾರಲು ಬರುವುದಿಲ್ಲ. ಆದ್ದರಿಂದ ಕಾರ್ಖಾನೆಯಲ್ಲಿ ಫಾಸ್ಫೇಟಿನ ಮೂರು ಜಾಗಗಳಲ್ಲಿ ಎರಡನ್ನು ಅಮೋನಿಯಂಗೆ ಕೊಟ್ಟು ಮೂರನೆಯದನ್ನು ಹೈಡ್ರೋಜನ್ನಿಗೆ ಉಳಿಸುತ್ತಾರೆ. ಅದು ಡಿಎಪಿ. ಒಂದೇ ಜಾಗ ಅಮೋನಿಯಂಗೆ ಕೊಟ್ಟು ಎರಡನ್ನು ಹೈಡ್ರೋಜನ್ನಿಗೆ ಬಿಟ್ಟರೆ ಮೋನೋ ಅಮೋನಿಯಂ ಫಾಸ್ಫೇಟ್. ಡ್ರಿಪ್ಪಿನಲ್ಲಿ ಬಿಡಲು, ಎಲೆಗೆ ಸಿಂಪಡಿಸಲು ‘12-61-0’ ಎಂದು ಕೇಳಿ ತರುತ್ತೀರಲ್ಲ, ಅದು. ಮೂರು ಜಾಗ ತುಂಬಬೇಕು ಎಂಬುದನ್ನಷ್ಟೇ ವಿದ್ಯುದಂಶದ ಲೆಕ್ಕ ಹೇಳಬಲ್ಲದು. ಯಾರಿಗೆ ಎಷ್ಟು ಎಂದು ಅದು ಹೇಳಲಾರದು. ಆ ಸಂದೇಹ ಕಳೆಯಲು ಡೈ, ಮೋನೋ ಬೇಕೇ ಬೇಕು.

ಚೀಲದ ಹೆಸರು ನಿಯಮವನ್ನು ಮುರಿದಿಲ್ಲ. ಅರ್ಧ ಹೆಸರು ಹೇಳಿ ಬಿಟ್ಟಿದೆ. ಪೂರ್ತಿ ಹೆಸರು ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಪರೀಕ್ಷೆಯಲ್ಲಿ ಹೀಗೇ ಬರೆಯಲು ಮಗಳಿಗೆ ಹೇಳಿ. ನೋಟ್ಸಿನ ವಾಕ್ಯವನ್ನು ಮಾತ್ರ ಕೊಂಚ ತಿದ್ದಬೇಕು: ವಿದ್ಯುದಂಶದ ಲೆಕ್ಕವೇ ಎಣಿಕೆಯನ್ನು ಗೊತ್ತುಮಾಡುವಲ್ಲಿ ಡೈ, ಟ್ರೈ ಬೇಡ, ಗೊತ್ತುಮಾಡದಲ್ಲಿ ಬೇಕು. ಅಯಾನಿಕ, ಸಹವೇಲೆನ್ಸೀಯ ಎಂಬ ವಿಂಗಡಣೆಗಿಂತ ಈ ಒಂದು ಮಾತು ಹೆಚ್ಚು ದೂರ ಬರುತ್ತದೆ.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇಂಥದೇ ಇನ್ನೊಂದು ಹೆಸರು ಪರಿಚಯ. ಸುಣ್ಣದಕಲ್ಲನ್ನೂ ಮಣ್ಣನ್ನೂ ಸುಟ್ಟು ತೆಗೆದ ಕ್ಲಿಂಕರಿನಲ್ಲಿ ಟ್ರೈಕ್ಯಾಲ್ಸಿಯಂ ಸಿಲಿಕೇಟ್, ಡೈಕ್ಯಾಲ್ಸಿಯಂ ಸಿಲಿಕೇಟ್ ಎಂಬ ಎರಡು ಇರುತ್ತವೆ. ಮೊದಲನೆಯದು ಸಿಮೆಂಟಿಗೆ ಬೇಗ ಗಟ್ಟಿತನ ಕೊಡುತ್ತದೆ, ಎರಡನೆಯದು ನಿಧಾನವಾಗಿ ವಾರಗಟ್ಟಲೆ ಬಿಗಿಯುತ್ತದೆ. ಅಲ್ಲಿಯೂ ಕ್ಯಾಲ್ಸಿಯಂ ಇದೆ, ಅಲ್ಲಿಯೂ ಅಯಾನುಗಳಿವೆ. ಆದರೆ ಸಿಲಿಕಾದ ಜೊತೆ ಸುಣ್ಣ ಒಂದೇ ಪ್ರಮಾಣದಲ್ಲಿ ಕೂಡುವುದಿಲ್ಲವಾದ್ದರಿಂದ ಎಣಿಕೆ ಹೇಳದೆ ವಿಧಿಯಿಲ್ಲ.

ಗೊಬ್ಬರದ ಚೀಲವನ್ನು ಇನ್ನೂ ಕೆಳಗಿಡಬೇಡಿ. ಅದರ ಮೇಲೆ 18-46-0 ಎಂದಿದೆ. ಹದಿನೆಂಟು ನೈಟ್ರೋಜನ್ ಸರಿ. ನಲವತ್ತಾರು ರಂಜಕ ಎಂದು ಬಹಳ ಜನ ತಿಳಿದಿದ್ದಾರೆ, ಅಂಗಡಿಯವರೂ ಹಾಗೇ ಹೇಳುತ್ತಾರೆ. ಅದು ರಂಜಕದ ಲೆಕ್ಕವಲ್ಲ, ಎರಡು ರಂಜಕಕ್ಕೆ ಐದು ಆಕ್ಸಿಜನ್ ಸೇರಿದ ವಸ್ತುವಿನ ಲೆಕ್ಕ. ಐವತ್ತು ಕಿಲೋ ಚೀಲದಲ್ಲಿ ಆ ಲೆಕ್ಕದ ಪ್ರಕಾರ 23 ಕಿಲೋ. ಬರೀ ರಂಜಕ ಎಂದು ತೂಗಿದರೆ ಸುಮಾರು 10 ಕಿಲೋ. ಪೊಟ್ಯಾಷ್ ಚೀಲದ 0-0-60 ಕೂಡ ಹೀಗೆಯೇ. ಅದು ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕ. ಐವತ್ತು ಕಿಲೋದಲ್ಲಿ ನಿಜವಾದ ಪೊಟ್ಯಾಸಿಯಂ 25 ಕಿಲೋದ ಹತ್ತಿರ. ಇದರಲ್ಲಿ ಮೋಸವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಮಣ್ಣು, ಗೊಬ್ಬರ, ಬೂದಿಯಲ್ಲಿರುವುದನ್ನೆಲ್ಲ ಆಕ್ಸೈಡಿನ ರೂಪದಲ್ಲಿ ಲೆಕ್ಕ ಹಾಕುತ್ತಿದ್ದರು. ವ್ಯಾಪಾರ ಆ ರೂಢಿಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಶಿಫಾರಸುಗಳೂ ಅದೇ ಲೆಕ್ಕದಲ್ಲಿರುವುದರಿಂದ ರೈತನಿಗೆ ನಷ್ಟವಿಲ್ಲ.

ಆದರೆ ಹೆಸರು ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಎರಡು ಪೊಟ್ಯಾಸಿಯಂ, ಒಂದು ಆಕ್ಸಿಜನ್: ಲೋಹ ಮತ್ತು ಅಲೋಹ, ಅಯಾನಿಕ, ಆದ್ದರಿಂದ ಪೊಟ್ಯಾಸಿಯಂ ಆಕ್ಸೈಡ್, ‘ಡೈ’ ಇಲ್ಲ. ಎರಡು ರಂಜಕ, ಐದು ಆಕ್ಸಿಜನ್: ಎರಡೂ ಅಲೋಹ, ಸಹವೇಲೆನ್ಸೀಯ, ಆದ್ದರಿಂದ ಡೈಫಾಸ್ಫರಸ್ ಪೆಂಟಾಕ್ಸೈಡ್. ಇಡೀ ಅಧ್ಯಾಯ ಎರಡು ಚೀಲಗಳ ಮೇಲೆ ಮುದ್ರಣವಾಗಿದೆ, ಆದರೆ ಆ ಎರಡು ವಸ್ತುಗಳಲ್ಲಿ ಒಂದೂ ಚೀಲದೊಳಗೆ ಇಲ್ಲ. ಇರುವ ಹಾಗೂ ಇಲ್ಲ. ರಂಜಕದ ಆ ಆಕ್ಸೈಡ್ ನೀರನ್ನು ಕಂಡರೆ ಸಿಡಿದೇಳುವ ಬಿಳಿ ಪುಡಿ; ಕೈಯಿಂದ ಮುಟ್ಟಿದರೆ ಚರ್ಮ ಸುಡುತ್ತದೆ. ಅದರ ಅಣುವಿನಲ್ಲಿ ನಿಜವಾಗಿ ಇರುವುದು ನಾಲ್ಕು ರಂಜಕ, ಹತ್ತು ಆಕ್ಸಿಜನ್. ಹೀಗಾಗಿ ಪೆಂಟಾಕ್ಸೈಡ್ ಎಂಬ ಹೆಸರೇ ಅರ್ಧ ಅಣುವಿನ ಲೆಕ್ಕ. ಹಳೆಯ ಹೆಸರು ಒಮ್ಮೆ ಚಲಾವಣೆಗೆ ಬಂದರೆ ನಿಜಾಂಶ ಗೊತ್ತಾದ ಮೇಲೂ ಜಾಗ ಬಿಟ್ಟು ಏಳುವುದಿಲ್ಲ.

ಪೊಟ್ಯಾಷಿನ ಹೆಸರನ್ನೇ ನೋಡಿ. ಚೀಲದ ಮೇಲೆ ಇಂದಿಗೂ ‘ಮ್ಯೂರಿಯೇಟ್ ಆಫ್ ಪೊಟ್ಯಾಷ್’ ಎಂದು ಅಚ್ಚು ಹಾಕುತ್ತಾರೆ. ಯಾವ ಶಾಲೆಯ ಪುಸ್ತಕದಲ್ಲೂ ಮ್ಯೂರಿಯೇಟ್ ಎಂಬುದು ಸಿಗುವುದಿಲ್ಲ. ಲ್ಯಾಟಿನ್ನಿನಲ್ಲಿ ಉಪ್ಪುನೀರಿಗೆ ಇದ್ದ ಶಬ್ದದಿಂದ ಅದು ಹುಟ್ಟಿತು. 1787ರಲ್ಲಿ ಪ್ಯಾರಿಸ್ಸಿನಲ್ಲಿ ಲವಾಸಿಯೆ, ಗಿಟಾನ್ ದ ಮೊರ್ವೊ, ಬರ್ತೊಲೆ, ಫೂರ್‌ಕ್ರುವಾ ಎಂಬ ನಾಲ್ವರು ಸೇರಿ ರಾಸಾಯನಿಕಗಳಿಗೆ ಹೆಸರಿಡುವ ಹೊಸ ಪದ್ಧತಿಯ ಪುಸ್ತಕ ತಂದಾಗ ಕ್ಲೋರಿನ್ ಒಂದು ಧಾತು ಎಂದೇ ಗೊತ್ತಿರಲಿಲ್ಲ. ಅದರಲ್ಲಿ ಆಕ್ಸಿಜನ್ ಅಡಗಿದೆ ಎಂದು ಅವರು ನಂಬಿದ್ದರು. 1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಅದು ಧಾತುವೇ ಎಂದು ತೋರಿಸಿ ಕ್ಲೋರಿನ್ ಎಂದು ಕರೆದ. ಅಂದಿನಿಂದ ಮ್ಯೂರಿಯೇಟ್ ಎಂಬುದು ಕ್ಲೋರೈಡ್ ಆಯಿತು, ಪುಸ್ತಕಗಳಲ್ಲಿ. ಅಫಜಲಪುರದ ಗೊಬ್ಬರದ ಅಂಗಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಚೀಲದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ.

ಆ ನಾಲ್ವರಿಗೆ ಮುಂಚೆ ಹೆಸರುಗಳು ಎಲ್ಲೆಡೆ ನಮ್ಮ ಕಿರಾಣಿ ಅಂಗಡಿಯ ಹೆಸರುಗಳಂತೆಯೇ ಇದ್ದವು. ನೀರು ತಿಳಿಮಾಡಲು ತಿಕ್ಕುವ ಪಟಕ, ಕಲಾಯಿಯವನ ನವಸಾಗರ, ಅಕ್ಕಸಾಲಿಗನ ಬಿಳಿಗಾರ, ತೋಟಗಳಿಗೆ ಸುಣ್ಣದೊಡನೆ ಕಲಸಿ ಹೊಡೆಯುವ ಮೈಲುತುತ್ತ, ಶಾಯಿಗೆ ಹಾಕುತ್ತಿದ್ದ ಅನ್ನಭೇದಿ. ಬಾಯಿಗೆ ಇಂಪಾದ ಹೆಸರುಗಳು; ನನಗೆ ಪ್ರೀತಿಯವು. ಆದರೆ ಮೈಲುತುತ್ತದೊಳಗೆ ತಾಮ್ರ ಇದೆ, ಅನ್ನಭೇದಿಯೊಳಗೆ ಕಬ್ಬಿಣ ಇದೆ, ಎರಡರಲ್ಲೂ ಸಲ್ಫೇಟ್ ಇದೆ ಎಂದು ಹೆಸರು ಕೇಳಿ ಯಾರಿಗೂ ತಿಳಿಯದು. ಕಾಪರ್ ಸಲ್ಫೇಟ್, ಫೆರಸ್ ಸಲ್ಫೇಟ್ ಎಂದಾಗ ತಿಳಿಯುತ್ತದೆ. ಹೆಸರು ನೋಡಿದರೆ ಒಳಗಿರುವುದು ಗೊತ್ತಾಗಬೇಕು, ಒಳಗಿರುವುದು ಗೊತ್ತಿದ್ದರೆ ಹೆಸರು ಕಟ್ಟಲು ಬರಬೇಕು. ಆ ಫ್ರೆಂಚರ ಹಟ ಇಷ್ಟೇ ಇತ್ತು. ಅದಕ್ಕಾಗಿಯೇ ಅದು ಗೆದ್ದಿತು.

ಫೆರಸ್ ಎಂದೆನಲ್ಲ, ಅಲ್ಲಿಗೆ ಬರೋಣ. ಎಲ್ಲ ಲೋಹಗಳೂ ಸೋಡಿಯಂನಂತೆ ಒಂದೇ ಮಾತಿನವಲ್ಲ. ಕಬ್ಬಿಣ ಕೆಲವೊಮ್ಮೆ ಎರಡು ಎಲೆಕ್ಟ್ರಾನು ಕೊಡುತ್ತದೆ, ಕೆಲವೊಮ್ಮೆ ಮೂರು. ತಾಮ್ರ ಒಂದು ಅಥವಾ ಎರಡು. ಇಂಥಲ್ಲಿ ಬರೀ ಐರನ್ ಕ್ಲೋರೈಡ್ ಎಂದರೆ ಸಾಲದು. ಹಳೆಯ ಪದ್ಧತಿಯಲ್ಲಿ ಕಡಿಮೆ ಕೊಟ್ಟದ್ದಕ್ಕೆ ‘ಅಸ್’, ಹೆಚ್ಚು ಕೊಟ್ಟದ್ದಕ್ಕೆ ‘ಇಕ್’ ಎಂದು ಬಾಲ ಹಚ್ಚಿದರು. ಫೆರಸ್ ಎರಡು, ಫೆರಿಕ್ ಮೂರು. ಕ್ಯುಪ್ರಸ್ ಒಂದು, ಕ್ಯುಪ್ರಿಕ್ ಎರಡು. ಶಾಲೆಯಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿರುವುದು ಫೆರಸ್ ಕಬ್ಬಿಣ, 60 ಮಿಲಿಗ್ರಾಂ. ನಮ್ಮ ಕರುಳು ಫೆರಸ್ ರೂಪವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ರಕ್ತ ತೀರ ಕಡಿಮೆಯಿರುವ ಗರ್ಭಿಣಿಯರಿಗೆ ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ಔಷಧಿಯ ಚೀಟಿ ಓದಿ ನೋಡಿ. ಅಲ್ಲಿ ಬಹಳ ಸಲ ಫೆರಿಕ್ ಎಂದಿರುತ್ತದೆ. ಕಬ್ಬಿಣ ಒಂದೇ, ದಾರಿ ಬೇರೆ. ಪಾದರಸದ ಎರಡು ಕ್ಲೋರೈಡುಗಳದ್ದು ಇನ್ನೂ ಭಯಂಕರ ಕತೆ: ‘ಅಸ್’ ಬಾಲದ್ದು ಒಂದು ಕಾಲದಲ್ಲಿ ಭೇದಿಗೆ ಕೊಡುತ್ತಿದ್ದ ಔಷಧಿ, ‘ಇಕ್’ ಬಾಲದ್ದು ಕಡು ವಿಷ.

ಈ ಬಾಲಗಳ ತೊಂದರೆ ಏನೆಂದರೆ ಅವು ಹೆಚ್ಚು ಕಡಿಮೆ ಎನ್ನುತ್ತವೆಯೇ ಹೊರತು ಎಷ್ಟು ಎನ್ನುವುದಿಲ್ಲ. 1919ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ ಸರಳ ಉಪಾಯ ಸೂಚಿಸಿದ. ಲೋಹದ ಹೆಸರಿನ ಪಕ್ಕ ಕಂಸದೊಳಗೆ ರೋಮನ್ ಅಂಕಿಯಲ್ಲಿ ಎಷ್ಟೆಂದು ಬರೆದುಬಿಡಿ. ಫೆರಿಕ್ ಕ್ಲೋರೈಡ್ ಹೋಗಿ ಐರನ್-ಮೂರು ಕ್ಲೋರೈಡ್ ಬಂತು. ಆ ಮೂರು ಕ್ಲೋರಿನ್ನಿನ ಎಣಿಕೆಯಲ್ಲ, ಕಬ್ಬಿಣದ ವಿದ್ಯುದಂಶ. ಮಕ್ಕಳು ಎಡವುವುದು ಇಲ್ಲೇ. ಐರನ್-ಮೂರು ಆಕ್ಸೈಡಿನಲ್ಲಿ ಕಬ್ಬಿಣ ಎರಡು, ಆಕ್ಸಿಜನ್ ಮೂರು. ರೋಮನ್ ಅಂಕಿ ಕಬ್ಬಿಣ ಎಷ್ಟು ಕೊಟ್ಟಿದೆ ಎಂದು ಹೇಳುತ್ತದೆ, ಉಳಿದ ಲೆಕ್ಕ ನೀವು ಮಾಡಿಕೊಳ್ಳಬೇಕು. ಪಾಪ, ಇದನ್ನು ಕೊಟ್ಟ ಸ್ಟಾಕ್ ಪ್ರಯೋಗಶಾಲೆಯ ಪಾದರಸದ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿ ನೆನಪು ಮಂಕಾಗುವ ಸ್ಥಿತಿಗೆ ಹೋದವನು. 1926ರಲ್ಲಿ ಆ ಅಪಾಯದ ಬಗ್ಗೆ ಬರೆದು ಲೋಕವನ್ನು ಎಚ್ಚರಿಸಿದವನೂ ಅವನೇ.

ಈಗ ಐಡ್, ಐಟ್, ಏಟ್. ಮಣ್ಣೂರಿನ ಕಬ್ಬು ಕಾರ್ಖಾನೆಗೆ ಹೋದ ಮೇಲಿನ ಕತೆ ಹೇಳಿದರೆ ಇದು ತಿಳಿಯುತ್ತದೆ. ಬಿಳಿ ಸಕ್ಕರೆ ಮಾಡುವ ನಮ್ಮ ದೇಶದ ಬಹುತೇಕ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣದ ನೀರು ಹಾಕಿ ಗಂಧಕದ ಹೊಗೆ ಹಾಯಿಸುತ್ತಾರೆ. ಗಂಧಕ ಉರಿದಾಗ ಬರುವುದು ಸಲ್ಫರ್ ಡೈಆಕ್ಸೈಡ್. ಎರಡೂ ಅಲೋಹ, ಗಂಧಕಕ್ಕೆ ಟ್ರೈಆಕ್ಸೈಡ್ ಕೂಡ ಉಂಟು, ಆದ್ದರಿಂದ ಎಣಿಕೆ ಬೇಕು. ಸುಣ್ಣದ ನೀರಿನಲ್ಲಿರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೈಡ್ರಾಕ್ಸೈಡ್ ಎರಡಿದ್ದರೂ ಹೇಳುವುದಿಲ್ಲ. ಇವೆರಡೂ ಕೂಡಿ ಕ್ಯಾಲ್ಸಿಯಂ ಸಲ್ಫೈಟ್ ಆಗಿ, ಕೊಳೆಯನ್ನು ಕಟ್ಟಿಕೊಂಡು ತಳಕ್ಕೆ ಇಳಿಯುತ್ತದೆ. ಸಲ್ಫೈಡಿನಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ, ಸಲ್ಫೈಟಿನಲ್ಲಿ ಮೂರು, ಸಲ್ಫೇಟಿನಲ್ಲಿ ನಾಲ್ಕು. ನೈಟ್ರೈಟಿನಲ್ಲಿ ಎರಡು, ನೈಟ್ರೇಟಿನಲ್ಲಿ ಮೂರು. ‘ಐಟ್’ಗಿಂತ ‘ಏಟ್’ನಲ್ಲಿ ಆಕ್ಸಿಜನ್ ಹೆಚ್ಚು, ಅಷ್ಟೇ ನಿಯಮ, ಎಷ್ಟು ಹೆಚ್ಚು ಎಂಬುದಕ್ಕೆ ತರ್ಕ ಹುಡುಕುತ್ತ ಕೂಡಬೇಡಿ. ಹತ್ತು ಹನ್ನೆರಡು ಹೆಸರುಗಳನ್ನು ಬಾಯಿಪಾಠ ಮಾಡಿ ಮುಗಿಸಿಬಿಡಿ. ಇಡೀ ಅಧ್ಯಾಯದಲ್ಲಿ ಬಾಯಿಪಾಠಕ್ಕೆ ಯೋಗ್ಯವಾದ ಭಾಗ ಇದೊಂದೇ. ಒಂದಕ್ಷರದ ಈ ವ್ಯತ್ಯಾಸ ಬರೀ ಪರೀಕ್ಷೆಯದ್ದೂ ಅಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಮಿತಿ ಇಟ್ಟಿರುವುದೇ, ಎಳೆಗೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತದ ಆಕ್ಸಿಜನ್ ಹೊರುವ ಶಕ್ತಿಯನ್ನು ಕುಂದಿಸುತ್ತದೆ ಎಂಬ ಕಾರಣಕ್ಕೆ. ಯೂರಿಯಾ ಅತಿಯಾಗಿ ಸುರಿಯುವ ಹೊಲಗಳ ಬಾವಿಯ ನೀರನ್ನು ಕೂಸಿಗೆ ಕುಡಿಸುವ ಮುಂಚೆ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ.

ಕನ್ನಡ ಮಾಧ್ಯಮದ ಮೇಷ್ಟರುಗಳು ಆಗಾಗ ಬರೆದು ಕೇಳುವ ಇನ್ನೊಂದು ಮಾತಿದೆ. ಆಮ್ಲಜನಕ, ಜಲಜನಕ, ಸಾರಜನಕ ಎಂದು ಕಲಿಸಬೇಕೋ, ಈಗಿನ ಪುಸ್ತಕದಂತೆ ಆಕ್ಸಿಜನ್, ಹೈಡ್ರೋಜನ್, ನೈಟ್ರೋಜನ್ ಎನ್ನಬೇಕೋ? ಕನ್ನಡದಲ್ಲಿ ವಿಜ್ಞಾನ ಬರೆಯುವ ಕಷ್ಟವನ್ನು ಮೊದಲು ಹೊತ್ತವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಮುಖ್ಯರು. 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಮುಂದೆ ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ ‘ಪರಮಾಣು ಚರಿತ್ರೆ’ಯಂಥ ಪುಸ್ತಕ ಬರೆದು, ಕಠಿಣ ವಿಷಯವನ್ನೂ ಕನ್ನಡದಲ್ಲಿ ತಿಳಿಯಾಗಿ ಹೇಳಬಹುದೆಂದು ತೋರಿಸಿದರು. ನನ್ನ ಅಭಿಪ್ರಾಯ ಇಷ್ಟು: ಧಾತುವಿನ ಹೆಸರು ಯಾವುದಾದರೂ ಆಗಲಿ, ಬಾಲ ಮತ್ತು ಎಣಿಕೆ ಮಾತ್ರ ಬದಲಾಗಬಾರದು. ಇಂಗಾಲದ ಡೈಆಕ್ಸೈಡ್ ಎಂಬ ಬೆರಕೆ ಹೆಸರನ್ನು ಪತ್ರಿಕೆಗಳು ದಶಕಗಳಿಂದ ಬರೆಯುತ್ತಿವೆ, ಯಾರಿಗೂ ಗೊಂದಲವಾಗಿಲ್ಲ. ಇಂಗಾಲಾಮ್ಲ ಎಂದು ಬರೆಯುವವರಿಂದ ಗೊಂದಲವಾಗುತ್ತದೆ, ಏಕೆಂದರೆ ಅದು ಆಕ್ಸೈಡೋ ಆಮ್ಲವೋ ಓದುವವನಿಗೆ ತಿಳಿಯದು.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆಯದಾಯಿತು. ಅದಕ್ಕೆ ನೂರು ಕಾರಣಗಳಿವೆ. ಶಿಕ್ಷಕರ ಕೊರತೆ, ಗುಳೆ, ಬಡತನ ಎಲ್ಲ ಸೇರಿ. ರಾಸಾಯನಿಕಗಳ ಹೆಸರು ಕಲಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಆದರೆ ಐವತ್ತು ಹೆಸರುಗಳ ಪಟ್ಟಿ ಬರೆಸಿ ‘ನಾಳೆ ಒಪ್ಪಿಸಿ’ ಎನ್ನುವುದನ್ನಾದರೂ ಬಿಡಬಹುದು. ಹೊಲ ಇರುವ ಮನೆಯ ಮೂಲೆಯಲ್ಲಿ ಖಾಲಿ ಗೊಬ್ಬರದ ಚೀಲ ಇದ್ದೇ ಇರುತ್ತದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಳಗೇನಿದೆ, ಎಷ್ಟಿದೆ ಎಂದು ಅದರ ಮೇಲೆ ಅಚ್ಚು ಹಾಕಲೇಬೇಕು. ಡಿಎಪಿ, ಪೊಟ್ಯಾಷ್, ಜಿಂಕ್ ಸಲ್ಫೇಟ್, ಅಮೋನಿಯಂ ಸಲ್ಫೇಟ್, ಯೂರಿಯಾ ಐದು ಚೀಲ ತರಿಸಿ ಗೋಡೆಗೆ ಹಚ್ಚಿ. ಯಾವುದಕ್ಕೆ ಎಣಿಕೆ ಇದೆ, ಯಾವುದಕ್ಕೆ ಇಲ್ಲ, ಯಾಕೆ ಎಂದು ಮಕ್ಕಳನ್ನೇ ಕೇಳಿ.

ಜಿಂಕ್ ಸಲ್ಫೇಟ್ ಎಂದಾಗ ನೆನಪಾಯಿತು, ಇದು ಮಗಳಿಗಿಂತ ಅಪ್ಪನಿಗೆ ಬೇಕಾದ ಮಾತು. ಸತು ಎರಡು, ಸಲ್ಫೇಟ್ ಎರಡು, ಒಂದಕ್ಕೊಂದು. ಅಲ್ಲಿ ಎಣಿಕೆಯ ಗೊಡವೆ ಇಲ್ಲ. ಆದರೆ ಹರಳು ಕಟ್ಟುವಾಗ ಅದು ನೀರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ನೀರಿಗೆ ವಿದ್ಯುದಂಶ ಇಲ್ಲವಾದ್ದರಿಂದ ಎಷ್ಟು ಅಣು ಸೇರಿತು ಎಂದು ಲೆಕ್ಕದಿಂದ ತಿಳಿಯುವ ದಾರಿಯಿಲ್ಲ, ಹೆಸರಿನಲ್ಲೇ ಹೇಳಬೇಕು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್, ಅಂದರೆ ಏಳು ನೀರು ಹೊತ್ತದ್ದು. ಅದರಲ್ಲಿ ಸತು ಶೇಕಡಾ 21. ಜಿಂಕ್ ಸಲ್ಫೇಟ್ ಮೋನೋಹೈಡ್ರೇಟ್, ಒಂದೇ ನೀರಿನದು. ಅದರಲ್ಲಿ ಸತು ಶೇಕಡಾ 33. ಹತ್ತು ಕಿಲೋಗೆ ಒಂದು ಕಿಲೋಗಿಂತ ಹೆಚ್ಚು ಸತುವಿನ ವ್ಯತ್ಯಾಸ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಹಾಕಿದರೆ ಬೆಳೆಗೆ ಹೆಚ್ಚಾದೀತು ಅಥವಾ ಕಡಿಮೆಯಾದೀತು, ಎರಡಕ್ಕೂ ಒಂದೇ ದರ ಕೊಟ್ಟರೆ ಕಿಸೆಗೆ ಪೆಟ್ಟು. ಮುಂದಿನ ಸಲ ಜಿಂಕ್ ತರಲು ಹೋದಾಗ ದರ ಕೇಳುವ ಮುಂಚೆ ಚೀಲ ತಿರುಗಿಸಿ, ಹೆಪ್ಟಾನೋ ಮೋನೋನೋ ಓದಿಕೊಳ್ಳಿ. ಅಕ್ಷರ ಸಣ್ಣದಿದ್ದರೆ ಮಗಳನ್ನು ಜೊತೆಗೆ ಕರೆದೊಯ್ಯಿರಿ.